ಪ್ರಯೋಗ ಸೋತರೂ ಪ್ರಬಂಧ ಗೆಲ್ಲಬಹುದು

ಪರೀಕ್ಷೆಯ ದಿನಗಳು ಹತ್ತಿರವಾದಂತೆ ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ ತಲೆನೋವು, ಎದೆಯುರಿ, ನಿದ್ರಾಹೀನತೆ ಎಂದು ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತದೆ. ತುಮಕೂರಿನ ನನ್ನ ಚಿಕಿತ್ಸಾಲಯಕ್ಕೆ ಒಂದು ಸಂಜೆ ಗುಬ್ಬಿಯಿಂದ ತಾಯಿ ಮಗಳು ಬಂದರು. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಮಗಳು ತುಮಕೂರಿನಲ್ಲಿ ಪದವಿ ಓದುತ್ತಿದ್ದಾಳೆ. ದಿನವೂ ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಮನಃಶಾಸ್ತ್ರ ಅವಳ ಐಚ್ಛಿಕ ವಿಷಯ.

“ಹದಿನೈದು ದಿನದಿಂದ ಇವಳಿಗೆ ರಾತ್ರಿ ನಿದ್ದೇನೇ ಇಲ್ಲ ಡಾಕ್ಟ್ರೇ. ಎದೆ ಡವಡವ ಅನ್ನುತ್ತೆ ಅಂತಾಳೆ. ಊಟ ಸೇರಲ್ಲ. ದೃಷ್ಟಿ ತೆಗೆದದ್ದೂ ಆಯ್ತು” ಎಂದರು ತಾಯಿ.

ನಾಡಿ, ರಕ್ತದೊತ್ತಡ, ಹೃದಯದ ಬಡಿತ ಪರೀಕ್ಷಿಸಿದೆ. ರಕ್ತಹೀನತೆ ಇರಲಿಲ್ಲ. ಥೈರಾಯ್ಡ್ ಗ್ರಂಥಿ ಊದಿಕೊಂಡಿರಲಿಲ್ಲ. ದಿನಕ್ಕೆ ಎಷ್ಟು ಸಲ ಕಾಫಿ, ಟೀ ಎಂದು ವಿಚಾರಿಸಿದಾಗ ಆರೇಳು ಲೋಟ ಎಂಬ ಉತ್ತರ ಬಂತು. ಅದರಲ್ಲಿ ಎರಡು ರಾತ್ರಿ ಹತ್ತು ಗಂಟೆಯ ಮೇಲೆ. “ಅಷ್ಟು ಹೊತ್ತಿನವರೆಗೆ ಎಚ್ಚರ ಇದ್ದು ಏನು ಮಾಡುತ್ತೀಯಮ್ಮ?” ಎಂದೆ. ಹುಡುಗಿ ಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಅವಳ ಕಾಯಿಲೆ ಅದರಲ್ಲಿತ್ತು.

ಕಾಲೇಜಿನಲ್ಲಿ ಪ್ರತಿಯೊಬ್ಬರೂ ಒಂದು ಸಣ್ಣ ಪ್ರಯೋಗ ಮಾಡಿ, ಅದರ ಬಗ್ಗೆ ಸಂಶೋಧನಾ ಪ್ರಬಂಧ ಬರೆದು ಒಪ್ಪಿಸಬೇಕಿತ್ತು. ಓದುವಾಗ ಮೊಬೈಲ್ ಮೇಜಿನ ಮೇಲಿದ್ದರೆ ನೆನಪಿನ ಶಕ್ತಿ ಕುಗ್ಗುತ್ತದೆಯೇ ಎಂಬುದು ಇವಳು ಆರಿಸಿಕೊಂಡ ಪ್ರಶ್ನೆ. ಗುಬ್ಬಿಯಲ್ಲಿ ಅಕ್ಕಪಕ್ಕದ ಮನೆಯ ಹುಡುಗ ಹುಡುಗಿಯರನ್ನು, ಕುಣಿಗಲ್‌ನಲ್ಲಿ ಅಜ್ಜಿಯ ಮನೆಗೆ ಹೋದಾಗ ಚಿಕ್ಕಪ್ಪನ ಮಕ್ಕಳ ಗೆಳೆಯರನ್ನು ಕೂರಿಸಿ, ‘ಬಾವಿ, ಕೊಡೆ, ಚಮಚ, ಹಸು’ ಎಂಬಂಥ ಪದಗಳ ಪಟ್ಟಿ ಕೊಟ್ಟು, ಹತ್ತು ನಿಮಿಷದ ನಂತರ ನೆನಪಿದ್ದಷ್ಟನ್ನು ಬರೆಸಿದ್ದಳು. ಅರ್ಧದಷ್ಟು ಜನರ ಸದ್ದಡಗಿಸಿದ ಮೊಬೈಲ್ ಮೇಜಿನ ಮೇಲೆ, ಉಳಿದವರದು ಪಕ್ಕದ ಕೋಣೆಯಲ್ಲಿ. ಲೆಕ್ಕ ಹಾಕಿದರೆ ಎರಡು ಗುಂಪಿನ ಸರಾಸರಿಯೂ ಹೆಚ್ಚುಕಡಿಮೆ ಒಂದೇ!

“ವ್ಯತ್ಯಾಸ ಬರಲೇಬೇಕಿತ್ತು ಸಾರ್. ಬರಲಿಲ್ಲ. ಪ್ರಯೋಗವೇ ಸೋತುಹೋಯ್ತು. ‘ಆರೇಳು ಅಂಕಿ ಬದಲಾಯಿಸಿಬಿಡು, ಯಾರು ನೋಡ್ತಾರೆ’ ಅಂತಾಳೆ ಗೆಳತಿ. ರಾತ್ರಿ ಬದಲಾಯಿಸ್ತೀನಿ, ಬೆಳಿಗ್ಗೆ ಅಳಿಸ್ತೀನಿ” ಎಂದಳು. ಪುಟ ತಿರುವಿದೆ. ನಿಜ. ಒಂದೇ ಅಂಕಿಯ ಜಾಗದಲ್ಲಿ ಅಳಿಸಿ ಬರೆದು ಕಾಗದ ತೂತಾಗಿತ್ತು.

ಈ ಹುಡುಗಿಗೆ ನಿದ್ರೆಮಾತ್ರೆ ಬರೆದುಕೊಡುವುದು ಸುಲಭವಿತ್ತು. ಅದರ ಬದಲು ನನ್ನದೇ ಹಳೆಯ ತಪ್ಪೊಂದನ್ನು ಹೇಳಿದೆ.

ಖಾಲಿ ಬಿಡಿ ಡಾಕ್ಟ್ರೇ

ಎಂ.ಬಿ.ಬಿ.ಎಸ್. ಮುಗಿಸಿ ಗೃಹವೈದ್ಯನಾಗಿದ್ದ ಕಾಲ. ಒಂದು ರಾತ್ರಿ ಪಾಳಿಯಲ್ಲಿ ವಾರ್ಡಿನ ಎಲ್ಲರ ರಕ್ತದೊತ್ತಡ ಅಳೆದು ಬರೆಯುವ ಕೆಲಸ ನನ್ನದಾಗಿತ್ತು. ಬೆಳಗಿನ ಜಾವಕ್ಕೆ ಕಣ್ಣು ಎಳೆಯುತ್ತಿತ್ತು. ಕೊನೆಯ ಮೂರು ಹಾಸಿಗೆಯವರನ್ನು ಎಬ್ಬಿಸದೆ 120/80 ಎಂದು ಗೀಚಿ ಮಲಗಿದೆ. ಹೆಚ್ಚಿನವರಿಗೆ ಅಷ್ಟೇ ಇರುತ್ತದಲ್ಲ ಎಂಬ ಧೈರ್ಯ. ಬೆಳಿಗ್ಗೆ ಆ ಮೂವರಲ್ಲಿ ಒಬ್ಬ ಹೆಂಗಸು ತಲೆನೋವು ಎಂದು ಒದ್ದಾಡಿದಾಗ ಹಿರಿಯ ನರ್ಸ್ ಅಳೆದರು. 190/110 ಇತ್ತು. ಕೂಡಲೆ ಚಿಕಿತ್ಸೆ ಸಿಕ್ಕಿ ಆಕೆ ಪಾರಾದರು. ಆ ನರ್ಸ್ ನನ್ನ ಮೇಲೆ ಯಾರಿಗೂ ದೂರು ಕೊಡಲಿಲ್ಲ. ಪಕ್ಕಕ್ಕೆ ಕರೆದು ಇಷ್ಟೇ ಹೇಳಿದರು: “ಅಳೆಯದಿದ್ದರೆ ಖಾಲಿ ಬಿಡಿ ಡಾಕ್ಟ್ರೇ. ಖಾಲಿ ಇದ್ದರೆ ನಾವು ಅಳೆಯುತ್ತೇವೆ. ನೀವು ಬರೆದಿಟ್ಟರೆ ಮತ್ತೆ ಯಾರೂ ಅಳೆಯುವುದಿಲ್ಲ.”

ವೈದ್ಯಕೀಯದ ಯಾವ ಪಠ್ಯಪುಸ್ತಕವೂ ನನಗೆ ಇದಕ್ಕಿಂತ ದೊಡ್ಡ ಪಾಠ ಕಲಿಸಿಲ್ಲ. ಸುಳ್ಳು ಅಂಕಿಯ ದೋಷ ಅದು ಸುಳ್ಳಾಗಿರುವುದಷ್ಟೇ ಅಲ್ಲ. ನಿಜವನ್ನು ಹುಡುಕಿ ಬರುವವರನ್ನು ಅದು ಬಾಗಿಲಲ್ಲೇ ವಾಪಸು ಕಳಿಸುತ್ತದೆ. ರೋಗಿಯ ಚಾರ್ಟಿಗೆ ಅನ್ವಯಿಸುವ ಈ ಮಾತು ಸಂಶೋಧನಾ ಪ್ರಬಂಧಕ್ಕೂ ಅನ್ವಯಿಸುತ್ತದೆ.

ಪ್ರಬಂಧವೆಂದರೆ ಕೇಸ್ ಷೀಟ್

‘ಸಂಶೋಧನಾ ಪ್ರಬಂಧ’ ಎಂಬ ಹೆಸರು ಕೇಳಿದರೇ ಹೆದರುವ ವಿದ್ಯಾರ್ಥಿಗಳಿದ್ದಾರೆ. ಅದು ನಾವು ದಿನವೂ ಬರೆಯುವ ಕೇಸ್ ಷೀಟಿನಂತೆಯೇ ಎಂದು ತಿಳಿದರೆ ಹೆದರಿಕೆ ಹೋಗುತ್ತದೆ. ರೋಗಿಯ ತೊಂದರೆ ಏನು, ಮೊದಲು ಯಾರು ನೋಡಿದ್ದರು, ನಾನು ಹೇಗೆ ಪರೀಕ್ಷಿಸಿದೆ, ಏನು ಕಂಡಿತು, ನನ್ನ ಅಭಿಪ್ರಾಯವೇನು ಎಂಬ ಕ್ರಮದಲ್ಲಿ ಕೇಸ್ ಷೀಟ್ ಸಾಗುತ್ತದೆ. ಪ್ರಬಂಧದಲ್ಲಿ ಇವನ್ನೇ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎನ್ನುತ್ತಾರೆ. ಆರಂಭದಲ್ಲಿ ಒಂದು ಸಾರಾಂಶ, ಕೊನೆಯಲ್ಲಿ ಓದಿದ ಪುಸ್ತಕ ಮತ್ತು ಲೇಖನಗಳ ಪಟ್ಟಿ. ಕಂಡದ್ದನ್ನೂ ನನಗೆ ಅನ್ನಿಸಿದ್ದನ್ನೂ ಒಂದೇ ಕಡೆ ಕಲಸಬಾರದು. ಜ್ವರ 102 ಡಿಗ್ರಿ ಎಂಬುದು ಕಂಡದ್ದು. ಟೈಫಾಯ್ಡ್ ಇರಬಹುದು ಎಂಬುದು ಅನ್ನಿಸಿದ್ದು. ಮೊದಲನೆಯದು ಫಲಿತಾಂಶಕ್ಕೆ, ಎರಡನೆಯದು ಚರ್ಚೆಗೆ.

ಓದುವ ಕ್ರಮದಲ್ಲೇ ಬರೆಯಬೇಕೆಂದೇನೂ ಇಲ್ಲ. ಪ್ರಯೋಗ ಮಾಡಿದ ದಿನವೇ, ಬಿಸಿಯಾಗಿರುವಾಗಲೇ ‘ವಿಧಾನ’ ಬರೆದುಬಿಡಬೇಕು. ಆಮೇಲೆ ಫಲಿತಾಂಶ, ಚರ್ಚೆ, ಪೀಠಿಕೆ. ಸಾರಾಂಶ ಎಲ್ಲಕ್ಕಿಂತ ಕೊನೆಗೆ, ಸುಮಾರು ಇನ್ನೂರೈವತ್ತು ಪದ ಮೀರದಂತೆ. ಬೇರೆಯವರ ಮಾತನ್ನು ಬಳಸಿದರೆ ಅವರ ಹೆಸರು ಹೇಳಬೇಕು. ಈಗ ಕೇಳಿದ್ದನ್ನೆಲ್ಲ ಕಂಪ್ಯೂಟರೇ ಬರೆದುಕೊಡುವ ಕಾಲ ಬಂದಿದೆ. ಎಲ್ಲೂ ಇಲ್ಲದ ಲೇಖನದ ಹೆಸರನ್ನೂ ಅದು ಸೃಷ್ಟಿಸಿಕೊಡಬಲ್ಲದು. ಕಣ್ಣಾರೆ ಓದದ ಲೇಖನವನ್ನು ಪಟ್ಟಿಗೆ ಸೇರಿಸಬಾರದು.

‘ವಿಧಾನ’ ಅಡುಗೆಯ ಪಾಠವಿದ್ದಂತೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಕಂಡೇ ಇರದವರೂ ಓದಿ ಮಾಡುವಂತಿರಬೇಕು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಅವನ ವಿವರಣೆ ಎಷ್ಟು ಚೊಕ್ಕವಾಗಿತ್ತೆಂದರೆ, 130 ವರ್ಷಗಳ ನಂತರ, 2015ರಲ್ಲಿ, ನೆದರ್‌ಲೆಂಡ್ಸ್‌ನ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿ ಹೆಚ್ಚುಕಡಿಮೆ ಅದೇ ಫಲಿತಾಂಶ ಪಡೆದರು.

ನಮ್ಮ ನಾಡಿಗೂ ಮನಃಶಾಸ್ತ್ರದ ಪ್ರಯೋಗ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದ ವಿಭಾಗ 1924ರಷ್ಟು ಹಿಂದೆಯೇ ಆರಂಭವಾಯಿತು. ಅಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರು.

ಬೆಂಗಳೂರಿನ ಒಂದು ಪ್ರಬಂಧ

ಒಳ್ಳೆಯ ಪ್ರಬಂಧ ಹೇಗಿರುತ್ತದೆಂದು ತೋರಿಸಲು ನಾನು ಆ ಹುಡುಗಿಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2000ದಲ್ಲಿ ಪ್ರಕಟಿಸಿದ ಪ್ರಬಂಧದ ಉದಾಹರಣೆ ಕೊಟ್ಟೆ. ಮನಸ್ಸಿನ ಕಾಯಿಲೆಗೆ ಯೋಗ ಎಷ್ಟು ಉಪಯೋಗ ಎಂದು ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ಅವರು ಅದನ್ನು ಅಳೆದು ನೋಡಿದರು. ತೀವ್ರ ಬಗೆಯ ಖಿನ್ನತೆಯಿಂದ ಬಳಲುತ್ತಿದ್ದ, ಅದುವರೆಗೆ ಚಿಕಿತ್ಸೆ ಪಡೆಯದಿದ್ದ 45 ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಆಸ್ಪತ್ರೆಗೆ ಸೇರಿಸಿಕೊಂಡು, ಚೀಟಿ ಎತ್ತಿದಂತೆ ತಲಾ 15 ಜನರ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿದ್ಯುತ್ ಕಂಪನ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಎಂಬ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗ. ನಾಲ್ಕು ವಾರ, ವಾರಕ್ಕೊಮ್ಮೆ ಖಿನ್ನತೆಯನ್ನು ಅಳತೆಪಟ್ಟಿಯಿಂದ ಅಳೆದರು.

ಕೊನೆಗೆ ಖಿನ್ನತೆ ಹತೋಟಿಗೆ ಬಂದವರು ವಿದ್ಯುತ್ ಕಂಪನದ ಗುಂಪಿನಲ್ಲಿ ಶೇ. 93, ಮಾತ್ರೆಯ ಗುಂಪಿನಲ್ಲಿ ಶೇ. 73, ಯೋಗದ ಗುಂಪಿನಲ್ಲಿ ಶೇ. 67. ಶೇಕಡಾವಾರು ಕಂಡು ಮರುಳಾಗಬಾರದು. ಹದಿನೈದು ಜನರಲ್ಲಿ ಲೆಕ್ಕ ಹಾಕಿದರೆ ಇದು ಕ್ರಮವಾಗಿ 14, 11 ಮತ್ತು 10 ಜನ. ಮಾತ್ರೆಗೂ ಯೋಗಕ್ಕೂ ಇರುವ ಅಂತರ ಒಬ್ಬನೇ ಒಬ್ಬ ರೋಗಿ!

ಆ ವೈದ್ಯರು ‘ಯೋಗ ಗೆದ್ದಿತು’ ಎಂದು ಬರೆಯಬಹುದಿತ್ತು. ಹಾಗೆ ಮಾಡದೆ, ಯೋಗ ವಿದ್ಯುತ್ ಕಂಪನಕ್ಕಿಂತ ಕಡಿಮೆ ಫಲಕಾರಿ, ಆದರೆ ಮಾತ್ರೆಗೆ ಪರ್ಯಾಯವಾಗುವ ಸಾಧ್ಯತೆ ಇದೆ ಎಂದಷ್ಟೇ ಹೇಳಿದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ರೋಗಿ ಮತ್ತು ಪರೀಕ್ಷಕರಿಂದ ಮರೆಮಾಡಲು ಆಗಲಿಲ್ಲವೆಂಬ ಕೊರತೆಯನ್ನೂ ತಾವೇ ಒಪ್ಪಿಕೊಂಡರು. (ಇದನ್ನು ಓದಿ ಯಾರೂ ಖಿನ್ನತೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಆ ರೋಗಿಗಳು ಆಸ್ಪತ್ರೆಯಲ್ಲಿ ತಜ್ಞರ ಕಣ್ಣಳತೆಯಲ್ಲಿದ್ದವರು.)

ಈ ‘ಕೊರತೆಗಳು’ ಎಂಬ ಭಾಗವನ್ನು ವಿದ್ಯಾರ್ಥಿಗಳು ಬಚ್ಚಿಡುವುದೇ ಹೆಚ್ಚು. ನಮ್ಮ ಹುಡುಗಿಯೂ ಬಚ್ಚಿಟ್ಟಿದ್ದಳು. ಕುಣಿಗಲ್‌ನಲ್ಲಿ ಪ್ರಯೋಗ ನಡೆಯುವಾಗ ಬೀದಿಯಲ್ಲಿ ಗಣೇಶನ ಧ್ವನಿವರ್ಧಕ ಅಬ್ಬರಿಸುತ್ತಿತ್ತಂತೆ. ಒಳ್ಳೆಯ ಸಂಗತಿಯೆಂದರೆ ಎರಡೂ ಊರುಗಳಲ್ಲಿ ಅವಳು ಚೀಟಿ ಎತ್ತಿಸಿ ಗುಂಪು ಮಾಡಿದ್ದಳು. ಗುಬ್ಬಿಯವರೆಲ್ಲ ಒಂದು ಗುಂಪು, ಕುಣಿಗಲ್‌ನವರೆಲ್ಲ ಇನ್ನೊಂದು ಗುಂಪು ಎಂದು ಮಾಡಿದ್ದರೆ, ಕಂಡ ವ್ಯತ್ಯಾಸ ಮೊಬೈಲಿನದೋ ಧ್ವನಿವರ್ಧಕದ್ದೋ ದೇವರೇ ಬಲ್ಲ!

‘ವ್ಯತ್ಯಾಸವಿಲ್ಲ’ ಎಂಬುದೂ ಉತ್ತರವೇ

ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಆರು ಸಲ ರಾಜನ ತಲೆ ಬೀಳಬಹುದು. ಅಷ್ಟಕ್ಕೇ ನಾಣ್ಯ ಸರಿಯಿಲ್ಲ ಎನ್ನಲಾಗದು, ಅದು ಆಕಸ್ಮಿಕ. ಪ್ರಯೋಗದಲ್ಲಿ ಕಂಡ ವ್ಯತ್ಯಾಸ ಇಂಥ ಆಕಸ್ಮಿಕವೋ ಅಲ್ಲವೋ ಎಂದು ತೂಗಿ ನೋಡುವುದೇ ಸಂಖ್ಯಾಶಾಸ್ತ್ರದ ಕೆಲಸ. ಕಡಿಮೆ ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಆಕಸ್ಮಿಕದ ಆಟ ಹೆಚ್ಚು. ಆದ್ದರಿಂದ ‘ವ್ಯತ್ಯಾಸ ಕಾಣಲಿಲ್ಲ’ ಎಂದರೆ ‘ವ್ಯತ್ಯಾಸ ಇಲ್ಲವೇ ಇಲ್ಲ’ ಎಂದು ಅರ್ಥವಲ್ಲ. ‘ಇಷ್ಟು ಜನರಲ್ಲಿ, ಈ ವಿಧಾನದಲ್ಲಿ ಕಾಣಲಿಲ್ಲ’ ಎಂದಷ್ಟೇ ಬರೆಯಬೇಕು. ಅಷ್ಟು ಬರೆದರೂ ಅದು ಜ್ಞಾನವೇ.

ಈ ಹುಡುಗಿ ಆರಿಸಿಕೊಂಡ ಪ್ರಶ್ನೆಯನ್ನೇ ನೋಡಿ. ಸುಮ್ಮನೆ ಮೇಜಿನ ಮೇಲಿರುವ ಮೊಬೈಲ್ ಕೂಡ ಬುದ್ಧಿಯ ಸಾಮರ್ಥ್ಯವನ್ನು ಸ್ವಲ್ಪ ಕುಗ್ಗಿಸುತ್ತದೆ ಎಂದು ಅಮೆರಿಕದ ಸಂಶೋಧಕರು ಎಂಟುನೂರರ ಸಮೀಪ ಜನರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಸುದ್ದಿ ಮಾಡಿದವು. ನಂತರ ಬೇರೆಯವರು ಅದನ್ನು ಮತ್ತೆ ಮಾಡಿ ನೋಡಿದಾಗ ಕೆಲವು ಕಡೆ ಅದೇ ಫಲ ಸಿಗಲಿಲ್ಲ. ಗುಬ್ಬಿಯ ಹುಡುಗಿ ‘ಸೋತೆ’ ಎಂದುಕೊಂಡಿದ್ದ ಜಾಗದಲ್ಲೇ ದೊಡ್ಡ ಪ್ರಯೋಗಾಲಯದವರೂ ನಿಂತಿದ್ದರು.

2015ರಲ್ಲಿ ಇನ್ನೊಂದು ದೊಡ್ಡ ಪರೀಕ್ಷೆ ಪ್ರಕಟವಾಯಿತು. ಮನಃಶಾಸ್ತ್ರದ ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಹಲವು ದೇಶಗಳ ಸಂಶೋಧಕರು ಹಂಚಿಕೊಂಡು ಮತ್ತೆ ಮಾಡಿದರು. ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ‘ವ್ಯತ್ಯಾಸ ಕಂಡಿತು’ ಎಂದಿದ್ದವು. ಮತ್ತೆ ಮಾಡಿದಾಗ ಹಾಗೆ ಕಂಡದ್ದು ಶೇ. 36ರಲ್ಲಿ ಮಾತ್ರ! ಎಲ್ಲರೂ ಮೋಸ ಮಾಡಿದ್ದರೆಂದಲ್ಲ. ಗೆದ್ದ ಪ್ರಯೋಗಗಳನ್ನಷ್ಟೇ ಬರೆದು, ಸೋತವನ್ನು ಬೀರುವಿನಲ್ಲಿಟ್ಟರೆ ಹೀಗಾಗುತ್ತದೆ.

ಮೋಸವೂ ನಡೆದಿದೆ. ನೆದರ್‌ಲೆಂಡ್ಸ್‌ನ ಡೀಡರಿಕ್ ಸ್ಟಾಪೆಲ್ ಎಂಬ ಪ್ರಸಿದ್ಧ ಮನಃಶಾಸ್ತ್ರ ಪ್ರಾಧ್ಯಾಪಕ, ಮಾಡದ ಪ್ರಯೋಗಗಳಿಗೆ ಅಂಕಿ ಕಟ್ಟಿ ಬರೆಯುತ್ತಿದ್ದುದು 2011ರಲ್ಲಿ ಬಯಲಾಯಿತು. ಅವನ 50ಕ್ಕೂ ಹೆಚ್ಚು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು. ಅವನು ಕೊಟ್ಟ ಅಂಕಿಗಳನ್ನು ನಂಬಿ ಡಾಕ್ಟರೇಟ್ ಪ್ರಬಂಧ ಬರೆದ ಶಿಷ್ಯರ ಶ್ರಮವೂ ಕಳಂಕಿತವಾಯಿತು. ಅವನು ಬರೆದಿಟ್ಟಿದ್ದ, ಮತ್ತೆ ಯಾರೂ ಅಳೆಯಲಿಲ್ಲ.

ಪ್ರಯೋಗಕ್ಕೆ ಕುಳಿತವರೂ ಮನುಷ್ಯರು

ಮನಃಶಾಸ್ತ್ರದ ಪ್ರಯೋಗಕ್ಕೆ ಕುಳಿತವನಿಗೆ ಏನು ನಡೆಯುತ್ತದೆಂದು ಮೊದಲೇ ತಿಳಿಸಬೇಕು. ಬೇಡವೆನ್ನಿಸಿದರೆ ನಡುವೆಯೇ ಎದ್ದು ಹೋಗಲು ಬಿಡಬೇಕು. ಹೆಸರನ್ನು ಗುಟ್ಟಾಗಿಟ್ಟು, ಅದರ ಬದಲು ಸಂಖ್ಯೆ ಬಳಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಹದಿನೆಂಟು ತುಂಬದವರಿದ್ದರೆ ತಂದೆತಾಯಿಯ ಒಪ್ಪಿಗೆ ಬೇಕು. ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12 ದಾಟಿದವರ ಲಿಖಿತ ಸಮ್ಮತಿ ಬೇಕು. ಪ್ರಯೋಗ ಶುರು ಮಾಡುವ ಮೊದಲೇ ಅಧ್ಯಾಪಕರ ಮೂಲಕ ಕಾಲೇಜಿನ ಅನುಮತಿ ಪಡೆಯುವುದು ಕ್ಷೇಮ.

ಖಿನ್ನತೆಯ ಪ್ರಶ್ನಾವಳಿ ಬಳಸುವವರಂತೂ ಇನ್ನಷ್ಟು ಎಚ್ಚರಿಕೆಯಿಂದಿರಬೇಕು. ‘ಬದುಕು ಬೇಡ ಅನ್ನಿಸುತ್ತದೆ’ ಎಂಬುದಕ್ಕೆ ಯಾರಾದರೂ ‘ಹೌದು’ ಎಂದು ಗುರುತು ಹಾಕಿದರೆ ಅದು ಬರಿಯ ಅಂಕಿಯಲ್ಲ, ಸಹಾಯದ ಕೂಗು. ಕೂಡಲೆ ಅಧ್ಯಾಪಕರಿಗೆ ತಿಳಿಸಿ, ವೈದ್ಯರ ಬಳಿ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತಂದೆತಾಯಿಯರಿಗೆ ಎರಡು ಮಾತು

ಮಗ ಅಥವಾ ಮಗಳು ಇಂಥ ಪ್ರಬಂಧ ಬರೆಯುತ್ತಿದ್ದರೆ ‘ಎಷ್ಟು ಅಂಕ ಬರುತ್ತೆ’ ಎಂದು ಕೇಳುವ ಮೊದಲು ‘ಏನು ಕಂಡೆ’ ಎಂದು ಕೇಳಿ. ರಾತ್ರಿಯೆಲ್ಲ ಕೂತು ಬರೆಯಲು ಬಿಡಬೇಡಿ. ಅಂದು ಕಲಿತದ್ದು ಮೆದುಳಿನಲ್ಲಿ ಗಟ್ಟಿಯಾಗಲು ನಿದ್ರೆ ಬೇಕು. ನಿದ್ರೆಗೆಟ್ಟವರು ಕೂಡುವ ಕಳೆಯುವ ಸರಳ ಲೆಕ್ಕದಲ್ಲೂ ಎಡವುತ್ತಾರೆ. ಸಂಜೆಯ ನಂತರ ಕಾಫಿ, ಟೀ ಬೇಡ. ದಿನಕ್ಕೊಂದು ಪುಟದಂತೆ ಬರೆದರೆ ಹದಿನೈದು ದಿನದಲ್ಲಿ ಪ್ರಬಂಧ ಮುಗಿಯುತ್ತದೆ. ಎದೆಬಡಿತ, ನಿದ್ರಾಹೀನತೆ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿ. ಔಷಧದಂಗಡಿಯಿಂದ ನಿದ್ರೆಮಾತ್ರೆ ತಂದು ನುಂಗಬೇಡಿ.

ನೀವು ಓದುವ ಆರೋಗ್ಯದ ಸುದ್ದಿಗಳೆಲ್ಲ ಇಂಥ ಪ್ರಬಂಧಗಳಿಂದಲೇ ಬರುವಂಥವು. ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂದು ಕಂಡಾಗ ನಾಲ್ಕು ಪ್ರಶ್ನೆ ಹಾಕಿ: ಎಷ್ಟು ಜನರ ಮೇಲೆ ಮಾಡಿದರು? ಯಾರೊಂದಿಗೆ ಹೋಲಿಸಿದರು? ಕೊರತೆಗಳನ್ನು ಹೇಳಿದ್ದಾರೆಯೇ? ಬೇರೆ ಯಾರಾದರೂ ಮತ್ತೆ ಮಾಡಿ ನೋಡಿದ್ದಾರೆಯೇ? ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ನಂಬಿ ಔಷಧ ಬದಲಿಸಬೇಡಿ.

ಒಂದು ತಿಂಗಳ ನಂತರ ತಾಯಿ ಮಗಳು ಮತ್ತೆ ಬಂದರು. ಟೀ ಎರಡು ಲೋಟಕ್ಕೆ ಇಳಿದಿತ್ತು. ನಿದ್ರೆ ಬರುತ್ತಿತ್ತು. ಪ್ರಬಂಧದ ಪ್ರತಿಯನ್ನೂ ತಂದಿದ್ದಳು. ‘ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಸ್ಪಷ್ಟವಾಗಿ ಬರೆದಿದ್ದಳು. ಕೊರತೆಗಳ ಪಟ್ಟಿಯಲ್ಲಿ ಕುಣಿಗಲ್‌ನ ಧ್ವನಿವರ್ಧಕವೂ ಇತ್ತು.

ತಾಯಿಗೆ ಮಾತ್ರ ಸಂಶಯ. “ಹಾಗಾದ್ರೆ ಮೊಬೈಲ್ ಪಕ್ಕದಲ್ಲಿಟ್ಟುಕೊಂಡೇ ಓದಬಹುದಾ ಡಾಕ್ಟ್ರೇ?”

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: “ನನ್ನ ಪ್ರಯೋಗ ಹಾಗೆ ಹೇಳಲ್ಲಮ್ಮ. ಹತ್ತು ನಿಮಿಷ ಸದ್ದಿಲ್ಲದೆ ಬಿದ್ದಿದ್ದ ಮೊಬೈಲ್ ಬಗ್ಗೆ ಮಾತ್ರ ಹೇಳುತ್ತೆ. ಅದು ಬಡ್ಕೊಂಡ್ರೆ ಏನಾಗುತ್ತೆ ಅಂತ ನಾನು ಅಳೆದಿಲ್ಲ.”